ಜಾವಾ ಆಪ್ಲೆಟ್ ಎಲ್ಲಿ ಹೋಯ್ತು?

ಗುಂಡ್ಲುಪೇಟೆಯಲ್ಲೋ ಚಾಮರಾಜನಗರದಲ್ಲೋ ಕಂಟ್ರಾಕ್ಟ್ ಕೆಲಸ ಮಾಡೋರನ್ನ ಕೇಳಿ ನೋಡಿ. ಇ-ಟೆಂಡರ್ ಹಾಕೋಕೆ ಅವರ ಹತ್ರ ಪೆನ್‌ಡ್ರೈವ್ ಥರದ ಒಂದು ಯುಎಸ್‌ಬಿ ಟೋಕನ್ ಇರುತ್ತೆ. ಅವರ ಡಿಜಿಟಲ್ ಸಹಿಯ ಕೀ ಅದರೊಳಗಿದೆ. ಒಂದು ವೆಬ್‌ಪೇಜ್ ಈ ಟೋಕನ್ನನ್ನ ತಲುಪೋದು ಹೇಗೆ?

ಹಿಂದೆ ಹಲವು ಪೋರ್ಟಲ್‌ಗಳು ಇದಕ್ಕೆ ಜಾವಾ ಆಪ್ಲೆಟ್ ಬಳಸ್ತಿದ್ದವು. ಆಪ್ಲೆಟ್‌ಗೆ ಜಾವಾ ಪ್ಲಗಿನ್ ಬೇಕು. ಆ ಪ್ಲಗಿನ್ ಕ್ರೋಮ್, ಫೈರ್‌ಫಾಕ್ಸ್ ಜೊತೆ ಮಾತಾಡ್ತಿದ್ದದ್ದು ಎನ್‌ಪಿಎಪಿಐ ಅನ್ನೋ ಇಂಟರ್‌ಫೇಸ್ ಮೂಲಕ. ಅದು 1995ರ ನೆಟ್‌ಸ್ಕೇಪ್ ಕಾಲದ್ದು. ಅದರ ಮೂಲಕ ಓಡೋ ಪ್ಲಗಿನ್‌ಗೆ ನಿಮ್ಮಷ್ಟೇ ಅಧಿಕಾರ: ಫೈಲು, ಯುಎಸ್‌ಬಿ, ಎಲ್ಲ. ಟೋಕನ್ ಸಿಗ್ತಿದ್ದದ್ದು ಅದರಿಂದಲೇ.

ತೊಂದರೆಯೂ ಅದರಿಂದಲೇ. ಬ್ರೌಸರ್ ಎಂಜಿನ್‌ಗಳು ವೆಬ್‌ಪೇಜಿನ ಕೋಡನ್ನ ಸ್ಯಾಂಡ್‌ಬಾಕ್ಸ್‌ನಲ್ಲಿ ಕೂಡಿಹಾಕೋಕೆ ಶುರು ಮಾಡಿದವು. ಆದರೆ ಪ್ಲಗಿನ್‌ನಲ್ಲಿ ಒಂದು ಬಗ್ ಸಿಕ್ಕರೆ ಕೆಟ್ಟ ಪೇಜು ಹೊರಗೆ ಬಂದ ಹಾಗೇ. ಬಂಡೀಪುರದ ಅಂಚಿನ ಊರಲ್ಲಿ ಆನೆ ಕಂದಕ ತೋಡಿ, ಹಳೇ ಗಾಡಿದಾರಿಗೆ ಅಂತ ಒಂದಿಷ್ಟು ಜಾಗ ಬಿಟ್ಟರೆ ಆನೆ ಬರೋದು ಅಲ್ಲೇ ತಾನೆ? ಇಲ್ಲಿ ಬಗ್ ಸರಿಮಾಡಿದರೆ ಸಾಲದು. ಪೂರ್ತಿ ಅಧಿಕಾರ ಕೊಡೋದೇ ಆ ಇಂಟರ್‌ಫೇಸ್‌ನ ಮಾತು. ಅದನ್ನ ಕಿತ್ತುಕೊಂಡರೆ ಹಳೇ ಪ್ಲಗಿನ್ ಓಡಲ್ಲ.

ಹಾಗಾಗಿ ಗೂಗಲ್ 2013ರ ಸೆಪ್ಟೆಂಬರ್‌ನಲ್ಲಿ ಡೆಪ್ರಿಕೇಶನ್ ಘೋಷಿಸಿತು. 2015ರ ಏಪ್ರಿಲ್‌ನಲ್ಲಿ ಕ್ರೋಮ್ 42 ಅದನ್ನ ಆಫ್ ಮಾಡಿತು, ಸೆಪ್ಟೆಂಬರ್‌ನಲ್ಲಿ ಕ್ರೋಮ್ 45 ತೆಗೆದೇ ಹಾಕಿತು. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 52 ಫ್ಲ್ಯಾಶ್ ಒಂದನ್ನ ಬಿಟ್ಟು ಉಳಿದ ಪ್ಲಗಿನ್‌ಗಳನ್ನ ನಿಲ್ಲಿಸಿತು.

ಈಗ ಸಹಿಯ ಕೆಲಸ ಮಾಡೋದು ನಮ್ಮ ಕಂಪ್ಯೂಟರಲ್ಲೇ ಇನ್‌ಸ್ಟಾಲ್ ಆಗಿರೋ ಪುಟ್ಟ ಪ್ರೋಗ್ರಾಂ. ಜಿಎಸ್‌ಟಿಗೆ ಬಳಸೋ ಎಮ್‌ಸೈನರ್ ಇಂಥದ್ದು (ನಮ್ಮ ಬೆಂಗಳೂರಿನ ಇ-ಮುದ್ರಾದ್ದು). ಪೇಜು 127.0.0.1ಕ್ಕೆ ‘ಇದಕ್ಕೆ ಸಹಿ ಬೇಕು’ ಅನ್ನುತ್ತೆ, ಪ್ರೋಗ್ರಾಂ ಪಿನ್ ಕೇಳುತ್ತೆ. ಟೋಕನ್ ಪೇಜಿನ ಕೈಗೆ ಸಿಗಲ್ಲ. ಆದರೆ ಬೇರೆ ಯಾವುದೋ ಟ್ಯಾಬ್ ಕೂಡ ಅದೇ ವಿಳಾಸದ ಬಾಗಿಲು ತಟ್ಟಬಹುದು. ಇಂಥ ಪ್ರೋಗ್ರಾಂ ಬರೆಯೋರು ಕೇಳ್ತಿರೋದು ಯಾವ ಸೈಟು ಅಂತ ಒರಿಜಿನ್ ಹೆಡರ್ ನೋಡಲೇಬೇಕು.

ತೆಗೆದದ್ದು ಸರಿ ಅಂತಲೇ ನಮ್ಮ ಅಭಿಪ್ರಾಯ. ಎರಡು ವರ್ಷದ ಗಡುವೂ ಕಮ್ಮಿಯಲ್ಲ. ಆದರೆ ಆ ನೋಟಿಸು ಡೆವಲಪರ್‌ಗಳಿಗೆ ಹೋಯ್ತೇ ಹೊರತು ಸೈಬರ್ ಸೆಂಟರಿಗಲ್ಲ. ಪೋರ್ಟಲ್ ಬದಲಾಗದಿದ್ದರೆ, ಟೆಂಡರಿನ ಕೊನೇ ದಿನ ಕೂತವರಿಗೆ ಉಳಿಯೋ ಉಪಾಯ ಒಂದೇ: ಹಳೇ ಬ್ರೌಸರ್ ಅಪ್‌ಡೇಟ್ ಮಾಡದೇ ಇಟ್ಕೊಳ್ಳೋದು. ಅಂದ್ರೆ ಸಹಿಯ ಪಿನ್ ಒತ್ತೋ ಕಂಪ್ಯೂಟರಿನಲ್ಲೇ ಎಲ್ಲಕ್ಕಿಂತ ತೂತುಬಿದ್ದ ಬ್ರೌಸರ್!

ನಿಮ್ಮ ಮಿನಿ ಪ್ರಾಜೆಕ್ಟ್ ತೆರೆದು ಎಫ್12 ಒತ್ತಿ. ಕನ್ಸೋಲಲ್ಲಿ ಹಳದಿ ಬಣ್ಣದ ‘ಡೆಪ್ರಿಕೇಟೆಡ್’ ಸಾಲು ಇದ್ದರೆ, ಅದರ ಕೊನೇ ದಿನಾಂಕ ಇವತ್ತೇ ಹುಡುಕಿ.