ಬಿದ್ದ ಮರಕ್ಕೆ ಮರುಬಾಳು

ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಮಲೆನಾಡಿನ ದಟ್ಟವಾದ ಕಾಡು ಕಣ್ಣಮುಂದೆ ಬರುತ್ತದೆ. ಆದರೆ ಜಿಲ್ಲೆಯ ಪೂರ್ವದಲ್ಲಿರುವ ಕಡೂರು, ಅಜ್ಜಂಪುರಗಳು ಬಯಲುಸೀಮೆಗೆ ಸೇರಿದವು. ತರೀಕೆರೆಯು ಮಲೆನಾಡಿನ ಹೊಸ್ತಿಲು. ತರೀಕೆರೆಯ ಪಶ್ಚಿಮಕ್ಕಿರುವ ಭದ್ರಾ ಕಾಡಿನ ತೇಗ, ಬೀಟೆಗಳಿಗೆ ಹಿಂದೆ ಬಹಳ ಬೇಡಿಕೆಯಿತ್ತು. 1998ರಲ್ಲಿ ಆ ಕಾಡು ಹುಲಿ ಸಂರಕ್ಷಣಾ ಯೋಜನೆಗೆ ಸೇರಿತು. ಅಲ್ಲಿ ಕೊಡಲಿಗೆ ಎಡೆಯಿಲ್ಲ, ಇರಲೂ ಬಾರದು.

ಹಾಗಾದರೆ ಮಂಚ, ಮೇಜುಗಳಿಗೆ ಮರವೆಲ್ಲಿಯದು? ಅದು ಊರಿನಲ್ಲಿಯೇ ಇದೆ. ಬಿರುಗಾಳಿಗೆ ಉರುಳಿದ ಹುಣಸೆ, ರಸ್ತೆಯ ವಿಸ್ತರಣೆಗಾಗಿ ಕಡಿದ ಬೇವು, ಮುಪ್ಪಾದ ಹಲಸು, ಬರಗಾಲದಲ್ಲಿ ಸುಳಿ ಒಣಗಿದ ಕಡೂರಿನ ತೆಂಗು—ಇಂಥವು ಎಷ್ಟೋ ಒಲೆಯ ಪಾಲಾಗುತ್ತವೆ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವಿರುತ್ತದೆ. ಸುಟ್ಟರೆ ಅದು ಒಂದೇ ದಿನದಲ್ಲಿ ವಾಯುಮಂಡಲವನ್ನು ಸೇರುವುದು; ಮಂಚವಾದರೆ ತಲೆಮಾರುಗಳ ಕಾಲ ಮನೆಯಲ್ಲಿಯೇ ಉಳಿಯುವುದು. ಹಾಗೆಂದು ಕಂಡ ಮರವನ್ನೆಲ್ಲ ಸಾಗಿಸುವಂತಿಲ್ಲ. 1976ರ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ, ಕೆಲವು ಜಾತಿಗಳ ಹೊರತು, ಸ್ವಂತ ಹೊಲದ ಮರವನ್ನು ಕಡಿಯಲೂ ಅನುಮತಿ ಅವಶ್ಯಕ.

ಈ ಕಾರ್ಯದಲ್ಲಿ ಕಠಿಣವಾದುದು ಕೆತ್ತುವುದಲ್ಲ, ಕಾಯುವುದು. ಹಸಿಮರದಲ್ಲಿ ನೀರು ತುಂಬಿರುತ್ತದೆ. ಅದು ಆರಿದಂತೆ ಹಲಗೆ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಬಹುಮಟ್ಟಿಗೆ ಕುಗ್ಗದು. ಆದುದರಿಂದ ಹಲಗೆಗಳನ್ನು ಕೊಯ್ದು, ನಡುನಡುವೆ ತೆಳುವಾದ ಪಟ್ಟಿಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ಒಟ್ಟಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಹಳೆಯ ಲೆಕ್ಕ. ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿಯದಿದ್ದರೆ ಅಲ್ಲಿ ನೀರು ಬೇಗ ಆರಿ ಹಲಗೆ ಸೀಳುತ್ತದೆ. ಮದುವೆಯ ಅವಸರಕ್ಕೆ ಹಸಿಹಲಗೆಯಿಂದ ಮಾಡಿಸಿದ ಮಂಚವು ಬೇಸಿಗೆಯಲ್ಲಿ ಬಿರುಕುಬಿಟ್ಟರೆ ಬೈಗುಳ ಬೀಳುವುದು ಬಡಗಿಗೆ! ಅವಸರಪಡಿಸಿದವರನ್ನು ಯಾರೂ ಕೇಳುವುದಿಲ್ಲ.

ವಿನ್ಯಾಸವು ಮರದ ಗುಣವನ್ನು ಅನುಸರಿಸಬೇಕು. ತೆಂಗಿನ ಕಾಂಡದ ಹೊರಸುತ್ತು ಗಟ್ಟಿ, ತಿರುಳು ಮೆದು. ಅದರಲ್ಲಿ ಅಗಲವಾದ ಹಲಗೆಯನ್ನು ಬಯಸುವುದು ವ್ಯರ್ಥ. ಹೊರಸುತ್ತಿನ ಕಿರಿದಾದ ಪಟ್ಟಿಗಳನ್ನು ಜೋಡಿಸಿದರೆ ದೃಢವಾದ ಬೆಂಚಾಗುತ್ತದೆ. ಹಲಸಿನ ಹಳದಿ ಚೇಗು ವರ್ಷಗಳು ಕಳೆದಂತೆ ಕಂದುಬಣ್ಣಕ್ಕೆ ತಿರುಗಿ ಮತ್ತಷ್ಟು ಚೆಲುವಾಗುತ್ತದೆ. ಮಾವಿಗೆ ಹುಳು ಬೇಗ ಹತ್ತುವುದರಿಂದ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸುವುದು ಲೇಸು. ಅಮೃತಮಹಲ್ ಗೋತಳಿಗೆ ಹೆಸರಾದ ಅಜ್ಜಂಪುರದ ಕಡೆ ಹೊಲದ ಬದುಗಳಲ್ಲಿ ಕಾಣುವ ಜಾಲಿಯಿಂದ ಉದ್ದವಾದ ಹಲಗೆ ದೊರೆಯದು. ಆದರೆ ಗಾಡಿಯ ಗಾಲಿಯಾಗಿ ಭಾರ ಹೊತ್ತ ಮರಕ್ಕೆ ಕುರ್ಚಿಯ ಕಾಲಾಗುವುದು ಕಷ್ಟವೆ? ಅದರ ಬಾಗಿದ ಕೊಂಬೆಯನ್ನು ಕುರ್ಚಿಯ ತೋಳಿಗೆ ಬಳಸಿದರೆ ನಾರು ತುಂಡಾಗದೆ ಬಲ ಉಳಿಯುತ್ತದೆ.

ಜೋಡಣೆಗೆ ಮೊಳೆಗಿಂತ, ಒಂದು ಕಟ್ಟಿಗೆಯ ತುದಿಯನ್ನು ನಾಲಗೆಯಂತೆ ಕೆತ್ತಿ ಇನ್ನೊಂದರ ತೂತಿನಲ್ಲಿ ಕೂರಿಸಿ, ಮರದ ಬೆಣೆ ಹೊಡೆಯುವ ಹಳೆಯ ಕ್ರಮವೇ ಮೇಲು. ಮುಂದೆ ಕಾಲೊಂದು ಮುರಿದರೂ ಬೆಣೆ ಬಿಚ್ಚಿ, ಆ ಕಾಲನ್ನಷ್ಟೇ ಬದಲಾಯಿಸಬಹುದು.