ವ್ಯಸನಮುಕ್ತಿಯ ಮೊದಲ ಚಾತುರ್ಮಾಸ್ಯ

|| ಶ್ರೀಹರಿವಾಯುಗುರುಭ್ಯೋ ನಮಃ ||

ಆಷಾಢ ಮಾಸವು ಸಮೀಪಿಸುತ್ತಲೇ ನಮ್ಮ ಮನೆಗಳ ಅಡಿಗೆಮನೆಯಲ್ಲಿ ಚಾತುರ್ಮಾಸ್ಯದ ಸಿದ್ಧತೆಯು ಪ್ರಾರಂಭವಾಗುವುದು. ಮೊದಲನೆಯ ಮಾಸದಲ್ಲಿ ಶಾಕ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ ಎಂದು ಒಂದೊಂದನ್ನೇ ಬಿಡುವ ಈ ಕ್ರಮವನ್ನು ಬಾಲ್ಯದಿಂದಲೂ ಕಂಡಿರುವ ನಮಗೆ ತ್ಯಾಗವೆಂಬುದು ಹೊಸ ಮಾತಲ್ಲ. ಆದರೆ ಕೆಲವರ ಪಾಲಿಗೆ ಈ ನಾಲ್ಕು ಮಾಸಗಳು ಇನ್ನೂ ಕಠಿಣವಾದ ಮತ್ತೊಂದು ತ್ಯಾಗದ ಕಾಲವಾಗಿರುತ್ತವೆ. ಮದ್ಯದ ವ್ಯಸನಕ್ಕೆ ಸಿಲುಕಿ, ಚಿಕಿತ್ಸೆ ಪಡೆದು, ಈಗಷ್ಟೇ ಅದರಿಂದ ಬಿಡಿಸಿಕೊಂಡಿರುವ ಬಂಧುಗಳನ್ನೂ ಅವರ ಮನೆಯವರನ್ನೂ ಉದ್ದೇಶಿಸಿ ಈ ಸಲದ ಲೇಖನವನ್ನು ಬರೆಯುತ್ತಿದ್ದೇವೆ.

"ನಮ್ಮವರಲ್ಲಿ ಅದೆಲ್ಲಿ ಉಂಟು?" ಎಂದು ಕೆಲವರು ಕೇಳಬಹುದು. ಉಂಟು ಎಂಬುದನ್ನು ಕೇಳುವವರೂ ಬಲ್ಲರು. ಸುರಾಪಾನವನ್ನು ಶಾಸ್ತ್ರವು ಪಂಚಮಹಾಪಾತಕಗಳಲ್ಲಿ ಎಣಿಸಿರುವುದರಿಂದಲೇ ನಮ್ಮ ಕುಟುಂಬಗಳು ಅದನ್ನು ಬಾಗಿಲು ಮುಚ್ಚಿ ಬಚ್ಚಿಡುತ್ತವೆ. ಬಚ್ಚಿಟ್ಟಷ್ಟೂ ಚಿಕಿತ್ಸೆಯು ತಡವಾಗುತ್ತದೆ. ದೋಷ, ಪ್ರಾಯಶ್ಚಿತ್ತಗಳ ವಿಚಾರವನ್ನು ಧರ್ಮಶಾಸ್ತ್ರವನ್ನು ಬಲ್ಲ ವಿದ್ವಾಂಸರಿಗೆ ಬಿಟ್ಟು, ಬಿಟ್ಟವನು ಬಿಟ್ಟಂತೆಯೇ ಉಳಿಯುವುದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ವಿಚಾರಿಸೋಣ.

ದೇಹದ ಸ್ಥಿತಿಯನ್ನು ಅರಿಯಬೇಕು

ಮೊದಲು ಒಂದು ಎಚ್ಚರಿಕೆಯ ಮಾತು. ಬಹುಕಾಲ ಪ್ರತಿದಿನವೂ ಹೆಚ್ಚಾಗಿ ಕುಡಿದವನು ಹಠದಿಂದ ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ಕೊನೆಯ ಪಾನದ ನಂತರ 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ತಳಮಳಗಳು ತೋರುತ್ತವೆ. ಮೊದಲ 48 ಗಂಟೆಗಳಲ್ಲಿ ಕೆಲವರಿಗೆ ಅಪಸ್ಮಾರದಂತೆ ಸೆಳವು ಬರುವುದುಂಟು. ಎರಡರಿಂದ ನಾಲ್ಕನೆಯ ದಿನದ ಅವಧಿಯಲ್ಲಿ ಜ್ವರ, ಭ್ರಾಂತಿ, ಇಲ್ಲದುದನ್ನು ಕಾಣುವಿಕೆ ಮೊದಲಾದವು ಉಂಟಾದರೆ ಪ್ರಾಣಕ್ಕೇ ಸಂಚಕಾರವಾದೀತು. ಆದುದರಿಂದ ಬಿಡುವ ಕಾರ್ಯವು ವೈದ್ಯರ ಕಣ್ಣೆದುರಿನಲ್ಲಿಯೇ ನಡೆಯಬೇಕು. ಮದ್ಯವು ದೇಹದಲ್ಲಿ ಬಿ-1 ಜೀವಸತ್ವವನ್ನು ಬರಿದು ಮಾಡಿರುವುದರಿಂದ ಅದನ್ನೂ ವೈದ್ಯರು ಕೊಡುವರು.

ಈ ಕೆಲವು ದಿನಗಳು ಕಳೆದ ಮೇಲೆ ಮನೆಯವರು "ಗುಣವಾಯಿತು" ಎಂದು ನಿಟ್ಟುಸಿರು ಬಿಡುತ್ತಾರೆ. ವಾಸ್ತವವಾಗಿ ಗುಣವಾಗುವುದು ಆಗ ಪ್ರಾರಂಭವಾಗಿರುತ್ತದೆ ಅಷ್ಟೆ. ನಿದ್ರಾಭಂಗ, ಸಿಡುಕು, ಮಂಕು ಇವು ವಾರಗಟ್ಟಲೆ, ಕೆಲವರಲ್ಲಿ ಮಾಸಗಟ್ಟಲೆ ಉಳಿಯುತ್ತವೆ. ಮರಳಿ ಕುಡಿಯುವ ಸಂಭವವು ಮೊದಲ ಕೆಲವು ಮಾಸಗಳಲ್ಲಿಯೇ ಅತ್ಯಧಿಕವಾಗಿರುತ್ತದೆ. ಇದನ್ನೇ ನಾವು ವ್ಯಸನಮುಕ್ತಿಯ ಮೊದಲ ಚಾತುರ್ಮಾಸ್ಯವೆಂದು ಕರೆದಿದ್ದೇವೆ.

ಸಂಕಲ್ಪವು ಕಲಿಸುವ ಪಾಠ

ನಮಗೆ ಪರಿಚಿತರಾದ ಗೃಹಸ್ಥರೊಬ್ಬರು ಚಿಕಿತ್ಸೆ ಮುಗಿಸಿ ಬಂದ ಮರುದಿನವೇ ರಾಯರ ಬೃಂದಾವನದ ಮುಂದೆ ನಿಂತು, "ಇನ್ನು ಈ ಜನ್ಮದಲ್ಲಿ ಅದನ್ನು ಮುಟ್ಟುವುದಿಲ್ಲ" ಎಂದು ಗಟ್ಟಿಯಾಗಿ ನುಡಿದರು. ಅಲ್ಲಿಯೇ ಇದ್ದ ವೃದ್ಧ ಆಚಾರ್ಯರು ಅವರನ್ನು ಪಕ್ಕಕ್ಕೆ ಕರೆದು ಕೇಳಿದರು:

"ರಾಯರೇ, ನಿತ್ಯವೂ ಸಂಧ್ಯಾವಂದನೆಯ ಸಂಕಲ್ಪದಲ್ಲಿ ಯಾವ ತಿಥಿಯನ್ನು ಹೇಳುತ್ತೀರಿ?"

"ಇಂದಿನ ತಿಥಿಯನ್ನು, ಆಚಾರ್ಯರೇ."

"ನಾಳೆಯದನ್ನು ಸೇರಿಸಿ ಹೇಳುವುದುಂಟೇ?"

"ಇಲ್ಲ."

"ಹಾಗಾದರೆ ಇದನ್ನೂ ಇಂದಿಗೆ ಮಾತ್ರ ಸಂಕಲ್ಪಿಸಿರಿ. ನಾಳೆಯದನ್ನು ನಾಳೆ ಸ್ನಾನ ಮಾಡಿ ಬಂದು ಹೇಳೋಣವಂತೆ."

ಈ ಮಾತಿನಲ್ಲಿ ಆಳವಾದ ತತ್ತ್ವವಿದೆ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾಸರ ಎಂದು ಇಳಿಯುತ್ತಾ ಬಂದು ಸಂಕಲ್ಪವು ಈ ಒಂದು ದಿನದಲ್ಲಿ ನಿಲ್ಲುತ್ತದೆ. ಅನಂತರ, ಈ ಕರ್ಮವನ್ನು ವಿಷ್ಣುವಿನ ಪ್ರೇರಣೆಯಿಂದ, ವಿಷ್ಣುವಿನ ಪ್ರೀತಿಗಾಗಿ ಮಾಡುವೆನೆಂದು ಹೇಳಿಕೊಳ್ಳುತ್ತೇವೆ. ಶ್ರೀಮದಾಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರವೆಂದು ಎರಡಾಗಿ ವಿಭಾಗಿಸಿ, ಶ್ರೀಹರಿಯೊಬ್ಬನೇ ಸ್ವತಂತ್ರನೆಂದೂ ಜೀವನು ಅವನ ಅಧೀನನೆಂದೂ ತಿಳಿಸಿರುವರು. ಪ್ರವಚನದಲ್ಲಿ ತಲೆದೂಗುತ್ತಾ ಕೇಳುವ ಈ ಸಿದ್ಧಾಂತವು ವ್ಯಸನದಿಂದ ಎದ್ದವನಿಗೆ ಅನುಭವದ ಮಾತು. "ಒಂದೇ ಲೋಟಕ್ಕೆ ನಿಲ್ಲಿಸಬಲ್ಲೆ" ಎಂದುಕೊಂಡ ಪ್ರತಿಸಲವೂ ತಾನು ಸ್ವತಂತ್ರನಲ್ಲವೆಂಬುದನ್ನು ಅವನು ಕಂಡಿದ್ದಾನೆ.

ಇಲ್ಲಿ ಒಂದು ಅಪಾರ್ಥಕ್ಕೆ ಎಡೆಯಾಗಬಾರದು. "ಎಲ್ಲವೂ ಹರಿಪ್ರೇರಣೆಯಾದರೆ ಕುಡಿದುದೂ ಅವನ ಪ್ರೇರಣೆಯೇ ಅಲ್ಲವೇ?" ಎಂದು ಕುತರ್ಕ ಹೂಡುವವರುಂಟು. ಜೀವನ ಕರ್ತೃತ್ವವು ಪರಾಧೀನವೆಂದು ನಮ್ಮ ಸಿದ್ಧಾಂತವು ಹೇಳುತ್ತದೆಯೇ ಹೊರತು ಜೀವನಿಗೆ ಕರ್ತೃತ್ವವೇ ಇಲ್ಲವೆಂದು ಹೇಳುವುದಿಲ್ಲ. ಬಾಗಿಲು ತೆರೆದು ಅಂಗಡಿಯ ಕಡೆಗೆ ನಡೆಯುವ ಕಾಲು ನಮ್ಮದೇ. ಅದನ್ನು ತಿರುಗಿಸಿ ದೇವಸ್ಥಾನದ ಕಡೆಗೋ ವೈದ್ಯರ ಕಡೆಗೋ ಹೆಜ್ಜೆಯಿಡುವ ಪ್ರಯತ್ನವೂ ನಮ್ಮದೇ. ಆ ಪ್ರಯತ್ನವು ಫಲಿಸಿದಾಗ "ನಾನು ಗೆದ್ದೆ" ಎನ್ನದಿರುವುದೇ ವಿನಯ.

ಶುಕ್ರಾಚಾರ್ಯರ ವೃತ್ತಾಂತ

ಮಹಾಭಾರತದ ಆದಿಪರ್ವದಲ್ಲಿ ಬರುವ ಕಚನ ಕಥೆಯನ್ನು ನಾವೆಲ್ಲರೂ ಕೇಳಿರುವೆವು. ಸಂಜೀವಿನೀ ವಿದ್ಯೆಯನ್ನು ಕಲಿಯಬಂದ ಕಚನನ್ನು ಅಸುರರು ಕೊಂದು, ಸುಟ್ಟು, ಬೂದಿಯನ್ನು ಮದ್ಯದಲ್ಲಿ ಬೆರೆಸಿ ಗುರುವಾದ ಶುಕ್ರಾಚಾರ್ಯರಿಗೇ ಕುಡಿಸಿದರು. ಸತ್ತವರನ್ನು ಬದುಕಿಸಬಲ್ಲ ಮಹಾಜ್ಞಾನಿಗೆ ತನ್ನ ಪಾತ್ರೆಯಲ್ಲಿರುವುದು ತನ್ನ ಶಿಷ್ಯನ ಭಸ್ಮವೆಂಬುದು ತಿಳಿಯಲಿಲ್ಲ. ಮದ್ಯದ ಮುಂದೆ ವಿದ್ಯೆಯು ರಕ್ಷೆಯಾಗಲಿಲ್ಲವೆಂಬುದು ಮೊದಲನೆಯ ಪಾಠ.

ಎರಡನೆಯ ಪಾಠವು ಇನ್ನೂ ದೊಡ್ಡದು. ಕಚನು ಹೊರಬರಬೇಕಾದರೆ ಗುರುವಿನ ಹೊಟ್ಟೆಯನ್ನು ಸೀಳಿ ಬರಬೇಕು. ಗುರುವು ಮರಣ ಹೊಂದಬೇಕು. ಆಗ ಶುಕ್ರಾಚಾರ್ಯರು ಹೊಟ್ಟೆಯೊಳಗಿದ್ದ ಶಿಷ್ಯನಿಗೇ ವಿದ್ಯೆಯನ್ನು ಉಪದೇಶಿಸಿದರು. ಹೊರಬಂದ ಶಿಷ್ಯನು ಗುರುವನ್ನು ಬದುಕಿಸಿದನು. ಲೋಕವನ್ನೆಲ್ಲ ಎಬ್ಬಿಸಬಲ್ಲವರೂ ತಾವು ಬಿದ್ದಾಗ ತಮಗಿಂತ ಕಿರಿಯನ ಕೈಯಿಂದ ಏಳಬೇಕಾಯಿತು. ಎದ್ದ ಮೇಲೆ ಅವರು ನಡೆದುದನ್ನು ಮರೆಮಾಚಲಿಲ್ಲ. ತಾವು ಮತಿಗೆಟ್ಟುದನ್ನು ಒಪ್ಪಿಕೊಂಡು, ಮುಂದೆ ಬ್ರಾಹ್ಮಣರಾರೂ ಮದ್ಯವನ್ನು ಸೇವಿಸಬಾರದೆಂದು ಮರ್ಯಾದೆಯನ್ನು ವಿಧಿಸಿದರು. ಇತರರ ಕೈಯಿಂದ ಏಳುವುದು, ಬಿದ್ದುದನ್ನು ಒಪ್ಪಿಕೊಳ್ಳುವುದು, ಆ ಅನುಭವವನ್ನು ಪರರ ರಕ್ಷಣೆಗೆ ಬಳಸುವುದು ಎಂಬ ಈ ಮೂರು ಮೆಟ್ಟಿಲುಗಳು ಇಂದಿಗೂ ಬದಲಾಗಿಲ್ಲ.

ಬಹುದೂರದ ದೇಶದ ಒಂದು ಘಟನೆಯೂ ಇದನ್ನೇ ಹೇಳುತ್ತದೆ. 1935ರಲ್ಲಿ ಅಮೆರಿಕದ ಏಕ್ರನ್ ನಗರದಲ್ಲಿ, ಕುಡಿತವನ್ನು ಬಿಟ್ಟು ಐದು ಮಾಸಗಳಾಗಿದ್ದ ಬಿಲ್ ವಿಲ್ಸನ್ ಎಂಬಾತನು ವ್ಯಾಪಾರದಲ್ಲಿ ಸೋತು, ಹೋಟೆಲಿನ ಪಾನಗೃಹದ ಸೆಳೆತಕ್ಕೆ ಸಿಕ್ಕಿ ತಳಮಳಿಸಿದನು. ತನ್ನಂತೆಯೇ ವ್ಯಸನಿಯಾದ ಇನ್ನೊಬ್ಬನೊಡನೆ ಮಾತನಾಡಿದರೆ ತಾನು ಉಳಿಯಬಲ್ಲೆನೆಂದು ಹುಡುಕಿದಾಗ ದೊರೆತವರು ಶಸ್ತ್ರವೈದ್ಯರಾದ ಡಾಕ್ಟರ್ ಬಾಬ್ ಸ್ಮಿತ್. ಆ ವೈದ್ಯರೂ ಬಿಟ್ಟ ಕೆಲವೇ ವಾರಗಳಲ್ಲಿ, ವೈದ್ಯರ ಸಮ್ಮೇಳನಕ್ಕೆಂದು ಊರು ಬಿಟ್ಟಾಗ ಮತ್ತೆ ಕುಡಿದು ಬಿದ್ದರು. ಮರಳಿ ಎದ್ದು ಆ ವರ್ಷದ ಜೂನ್ 10ರ ನಂತರ ಜೀವನಪರ್ಯಂತ ಮುಟ್ಟಲಿಲ್ಲ. ಆ ದಿನವನ್ನೇ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಸಂಸ್ಥೆಯು ತನ್ನ ಸ್ಥಾಪನಾದಿನವೆಂದು ಎಣಿಸುತ್ತದೆ. ಬೆಂಗಳೂರಿನಲ್ಲಿಯೂ ಇದರ ಸಭೆಗಳು ನಡೆಯುತ್ತವೆ. ಅಲ್ಲಿ ಶುಲ್ಕವಿಲ್ಲ, ಹೆಸರು, ಮನೆತನಗಳನ್ನು ಬಹಿರಂಗಪಡಿಸುವುದಿಲ್ಲ.

ಅಹಂಕಾರವು ಮರಳಿ ಬರುವ ಬಗೆ

ಮೇಲೆ ಹೇಳಿದ ಗೃಹಸ್ಥರ ಕಥೆಯು ಅಷ್ಟಕ್ಕೇ ಮುಗಿಯಲಿಲ್ಲ. ಎರಡು ಮಾಸಗಳು ನಿರ್ವಿಘ್ನವಾಗಿ ಕಳೆದವು. ಮುಖದಲ್ಲಿ ಕಳೆ ಬಂದಿತು. ಒಂದು ಉತ್ಸವದಲ್ಲಿ ಅವರಿಗೆ ಬಡಿಸುವವರ ಮೇಲ್ವಿಚಾರಣೆಯನ್ನು ವಹಿಸಿ, ನಾಲ್ಕು ಜನರ ಎದುರಿನಲ್ಲಿ ಅವರನ್ನು ಹೊಗಳಿದೆವು. ಹೊಗಳಿದವರಲ್ಲಿ ನಾವೂ ಇದ್ದೆವು. ಅನಂತರ ಅವರು ಸಭೆಗಳಿಗೆ ಹೋಗುವುದನ್ನು ಬಿಟ್ಟರು. ವೈದ್ಯರ ಬಳಿಗೆ ಹೋಗುವುದನ್ನೂ ಬಿಟ್ಟರು. ಬೆಳಗಿನ ಸಂಕಲ್ಪವೂ ನಿಂತಿತು. ಬಂಧುಗಳೊಬ್ಬರ ಮದುವೆಗೆಂದು ಬೇರೆ ಊರಿಗೆ ಹೋದವರು ಮರಳಿ ಬಂದುದು ಮೂರು ದಿನಗಳ ಮೇಲೆ, ಇನ್ನೊಬ್ಬರ ಹೆಗಲನ್ನು ಆಶ್ರಯಿಸಿ.

ಯಾದವರು ದ್ವಾರಕೆಯಲ್ಲಿ ಮದ್ಯವನ್ನು ನಿಷೇಧಿಸಿಕೊಂಡಿದ್ದರು. ತೀರ್ಥಯಾತ್ರೆಗೆಂದು ಹೋದ ಪ್ರಭಾಸದಲ್ಲಿ ಕುಡಿದು ಪರಸ್ಪರ ಹೊಡೆದಾಡಿ ನಾಶವಾದರು. ಪ್ರಯಾಣ, ಸಂಭ್ರಮ, ಹಳೆಯ ಗೆಳೆಯರ ಕೂಟ ಇವು ನಿಯಮದ ಬೇಲಿಯು ಸಡಿಲವಾಗುವ ಸ್ಥಳಗಳು. ಹೊಸದಾಗಿ ಬಿಟ್ಟವನು ಇಂತಹ ಕೂಟಗಳಿಗೆ ಹೋಗದಿದ್ದರೆ ಅದು ಹೇಡಿತನವಲ್ಲ.

ಆ ಗೃಹಸ್ಥರು ಒಂದು ವಾರದ ನಂತರ ವೃದ್ಧ ಆಚಾರ್ಯರ ಮುಂದೆ ತಲೆತಗ್ಗಿಸಿ ನಿಂತು, "ನಾನು ಮಹಾಪಾಪಿ, ನನಗೆ ಉದ್ಧಾರವಿಲ್ಲ" ಎಂದು ಅತ್ತರು. ಆಚಾರ್ಯರು, "ಗೆದ್ದೆನೆಂದಾಗಲೂ ನಾನು, ಸೋತೆನೆಂದಾಗಲೂ ನಾನು. ಆ ನಾನು ಎಂಬುದನ್ನು ಸ್ವಲ್ಪ ಬದಿಗಿಟ್ಟು ಹೋಗಿ ಸ್ನಾನ ಮಾಡಿ ಬನ್ನಿ, ಇಂದಿನ ತಿಥಿಯನ್ನು ಹೇಳೋಣ" ಎಂದರು. ಅತಿಯಾದ ಆತ್ಮನಿಂದೆಯೂ ಅಹಂಕಾರದ ಇನ್ನೊಂದು ಮುಖವೆಂಬುದನ್ನು ನಾವು ಅಂದು ಕಲಿತೆವು. ಆ ಗೃಹಸ್ಥರು ಮರುದಿನವೇ ವೈದ್ಯರನ್ನು ಕಂಡರು. ಅನಂತರದ ಉತ್ಸವದಲ್ಲಿ ತಾವಾಗಿಯೇ ಕೇಳಿಕೊಂಡು, ಹಿಂಭಾಗದ ಬಚ್ಚಲಿನ ಬಳಿ ಕೊಪ್ಪರಿಗೆಗಳನ್ನು ತಿಕ್ಕಿದರು. ನಾವು ಈ ಸಲ ಹೊಗಳಲಿಲ್ಲ. ಪಕ್ಕದಲ್ಲಿ ಕುಳಿತು ನೀರು ಹಾಕಿದೆವು.

ಮನೆಯವರ ಪಾಲಿನ ವ್ರತ

ಶಾಕವ್ರತದ ಮಾಸದಲ್ಲಿ ವ್ರತಸ್ಥನ ಎಲೆಯ ಮುಂದೆ ತರಕಾರಿಯ ಹುಳಿಯನ್ನಿಟ್ಟು ಅವನ ದೃಢತೆಯನ್ನು ಪರೀಕ್ಷಿಸುವುದಿಲ್ಲ. ಅಡಿಗೆಮನೆಗೇ ಅದನ್ನು ತರುವುದಿಲ್ಲ. ಅದೇ ಕ್ರಮವನ್ನು ಇಲ್ಲಿಯೂ ಅನುಸರಿಸಬೇಕು.

ದ್ರಾಕ್ಷಾರಿಷ್ಟ, ದಶಮೂಲಾರಿಷ್ಟ ಮೊದಲಾದ ಅರಿಷ್ಟ, ಆಸವಗಳಲ್ಲಿ ಹುದುಗುವಿಕೆಯಿಂದ ತಾನಾಗಿ ಹುಟ್ಟಿದ ಮದ್ಯಾಂಶವಿರುತ್ತದೆ. ಕೆಲವು ಕೆಮ್ಮಿನ ಔಷಧಗಳಲ್ಲಿಯೂ ಅದಿರುವುದುಂಟು. ವೈದ್ಯರನ್ನು ಕೇಳದೆ ಇವನ್ನು ಕೊಡಲಾಗದು.

ಕುಡಿತ ಬಿಡಿಸುವ ಮಾತ್ರೆಯನ್ನು ಗುಟ್ಟಾಗಿ ಊಟದಲ್ಲಿ ಬೆರೆಸುವ ಅಭ್ಯಾಸವು ಕೆಲವು ಮನೆಗಳಲ್ಲಿದೆ. ಡೈಸಲ್ಫಿರಾಮ್ ಎಂಬ ಔಷಧವನ್ನು ಸೇವಿಸಿದವನು ತಿಳಿಯದೆ ಮದ್ಯ ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗಿ ಪ್ರಾಣಾಪಾಯವಾಗಬಹುದು. ರೋಗಿಯ ಅರಿವು, ಸಮ್ಮತಿ, ವೈದ್ಯರ ಸಲಹೆ ಇಲ್ಲದೆ ಇದನ್ನು ಕೊಡಲೇಬಾರದು.

ಹಸಿವು, ಕೋಪ, ಒಂಟಿತನ, ಆಯಾಸ ಈ ನಾಲ್ಕೂ ಮರಳಿ ಕುಡಿಯಲು ದಾರಿಯಾಗುತ್ತವೆ. ಚಿಕಿತ್ಸೆಯ ಆರಂಭದಲ್ಲಿರುವವನು ಏಕಾದಶಿಯ ನಿರ್ಜಲ ಉಪವಾಸಕ್ಕೆ ಹಠ ಹಿಡಿದರೆ ವೈದ್ಯರನ್ನೂ ಹಿರಿಯರನ್ನೂ ಕೇಳಿ ನಡೆಯಲಿ. ಬಾಲರು, ವೃದ್ಧರು, ಆತುರರು ಇವರ ವಿಷಯದಲ್ಲಿ ಹಿರಿಯರು ಎಂದೂ ನಿಷ್ಕರುಣಿಗಳಾಗಿರಲಿಲ್ಲ. ಅವನೂ ಈಗ ಆತುರನೇ.

ಮನೆಯೊಡತಿಯ ಮಾತನ್ನು ಕೊನೆಯಲ್ಲಿ ಹೇಳುತ್ತಿದ್ದರೂ ಅದು ಚಿಕ್ಕದಲ್ಲ. ವರ್ಷಗಟ್ಟಲೆ ಸುಳ್ಳುಗಳನ್ನು ಕೇಳಿದ ಆ ತಾಯಿಯು ಎರಡು ಮಾಸಗಳಲ್ಲಿ ನಂಬಬೇಕೆಂದು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. "ನಾನು ಬಿಟ್ಟೆನಲ್ಲ, ಇನ್ನೇಕೆ ಅನುಮಾನ?" ಎಂದು ಗದರಿಸದೆ, ಆ ಅನುಮಾನವನ್ನು ಸಹಿಸಿಕೊಳ್ಳುವುದೇ ಪತಿಯ ಪಾಲಿನ ನಿಜವಾದ ತಪಸ್ಸು.

ಸಹಾಯಕ್ಕೆ ಇಂದು ಹಲವು ಮಾರ್ಗಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಯ ಪ್ರತ್ಯೇಕ ಕೇಂದ್ರವಿದೆ. ಶ್ರೀಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತ ಬಂದಿವೆ. ಭಾರತ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446. ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಸಂಖ್ಯೆ 14416. ಇವಕ್ಕೆ ಕರೆ ಮಾಡುವುದರಿಂದ ಮನೆತನದ ಮಾನ ಹೋಗುವುದಿಲ್ಲ.

ಚಾತುರ್ಮಾಸ್ಯದ ವ್ರತವು ಕಾರ್ತಿಕ ಶುದ್ಧ ದ್ವಾದಶಿಗೆ ಸಮಾಪ್ತವಾಗಿ, ಬಿಟ್ಟ ಪದಾರ್ಥವು ಮರಳಿ ಎಲೆಗೆ ಬರುತ್ತದೆ. ಆದರೆ ಈ ವ್ರತಕ್ಕೆ ಅಂತಹ ದ್ವಾದಶಿಯಿಲ್ಲ. ಬೆಳಗ್ಗೆ ಇಂದಿನ ತಿಥಿಗೆ ಸಂಕಲ್ಪ, ರಾತ್ರಿ ಮಲಗುವ ಮೊದಲು ಅಂದಿನ ದಿನದ ಸಮರ್ಪಣೆ, ಇಷ್ಟೇ ಇದರ ವಿಧಿ. ನಮ್ಮ ಮಂದಿರದ ತೀರ್ಥಪ್ರಸಾದದ ಸಾಲಿನಲ್ಲಿ ಇಂತಹ ವ್ರತಸ್ಥರೊಬ್ಬರು ನಮ್ಮ ಪಕ್ಕದಲ್ಲಿ ನಿಂತಿರಬಹುದು. ಅವರನ್ನು ತಿರುಗಿ ನೋಡುವುದು ಬೇಡ. ಸ್ವಲ್ಪ ಸರಿದು ಸ್ಥಳ ಮಾಡಿಕೊಡೋಣ.

|| ಶ್ರೀಕೃಷ್ಣಾರ್ಪಣಮಸ್ತು ||