ಅಂತರಗಂಗೆ ಬೆಟ್ಟದ ಗವಿಗಳು ಮತ್ತು ಬಾವಲಿಗಳು

ಕೋಲಾರ ಪಟ್ಟಣದ ಪಕ್ಕದಲ್ಲೇ ಎದ್ದು ನಿಂತಿರುವ ಶತಶೃಂಗ ಪರ್ವತದಲ್ಲಿ ಅಂತರಗಂಗೆ ಕ್ಷೇತ್ರವಿದೆ. ಇದಕ್ಕೆ ದಕ್ಷಿಣ ಕಾಶಿ ಎಂಬ ಹೆಸರೂ ಉಂಟು. ಇಲ್ಲಿ ಶ್ರೀ ಕಾಶಿ ವಿಶ್ವೇಶ್ವರಸ್ವಾಮಿ ನೆಲೆಸಿದ್ದಾನೆ. ಕಲ್ಲಿನ ಬಸವಣ್ಣನ ಬಾಯಿಂದ ಬೀಳುವ ನೀರು ಕಲ್ಯಾಣಿ ಸೇರುತ್ತದೆ. ಗಂಗೆಯೇ ಬೆಟ್ಟದ ಒಳಗೊಳಗೇ ಹರಿದು ಬರುತ್ತಾಳೆಂದು ಪ್ರತೀತಿ. ಭಕ್ತಾದಿಗಳು ತೀರ್ಥ ತಗೊಂಡು, ಸ್ವಾಮಿಯ ದರ್ಶನ ಮಾಡಿ ಇಳಿದು ಹೋಗುತ್ತಾರೆ. ಆದರೆ ಈ ಬೆಟ್ಟದ ಹೊಟ್ಟೆಯಲ್ಲಿ ನೀರಷ್ಟೇ ಅಲ್ಲ, ಜೀವಗಳೂ ಇವೆ. ಅವುಗಳ ವಿಷಯವನ್ನು ಇಲ್ಲಿ ತಿಳಿಸಿದೆ.

ಗವಿಗಳು ಆದದ್ದು ಹೇಗೆ?

ದೇವಸ್ಥಾನದವರೆಗೆ ಮೆಟ್ಟಿಲುಗಳಿವೆ. ಅಲ್ಲಿಂದ ಮೇಲೆ ಗವಿಗಳ ಕಡೆಗೆ ಹೋಗುವ ದಾರಿ ಕಡಿದಾದದ್ದು. ಬಂಡೆಯ ಮೇಲೆ ಕೈಯೂರಿ, ಸಂದಿಯಲ್ಲಿ ನುಸುಳಿ ಹತ್ತಬೇಕು. ಇಲ್ಲಿನ ಗವಿಗಳನ್ನು ಯಾರೂ ಕೊರೆದದ್ದಲ್ಲ. ಬಿಸಿಲು ಮಳೆಗೆ ಬಂಡೆಗಳು ಬಿರುಕು ಬಿಟ್ಟವು. ಬಿರುಕಿನ ಮಣ್ಣು ಕೊಚ್ಚಿ ಹೋಗಿ ದೊಡ್ಡ ದೊಡ್ಡ ಗುಂಡುಗಳು ಉಳಿದವು. ಒಂದರ ಮೇಲೊಂದು ಒರಗಿ ನಿಂತ ಆ ಗುಂಡುಗಳ ನಡುವಿನ ಜಾಗವೇ ಗವಿ. ಹೊರಗೆ ಬಂಡೆ ಕಾಲು ಸುಡುತ್ತಿದ್ದರೂ ಒಳಗೆ ತಂಪು, ಕತ್ತಲೆ. ಬಾವಲಿಗೆ ಬೇಕಾದದ್ದು ಇದೇ.

ಬಾವಲಿ ಹಕ್ಕಿಯಲ್ಲ

ಹಾರುವುದನ್ನು ನೋಡಿ ಬಾವಲಿಯನ್ನು ಹಕ್ಕಿ ಎನ್ನುವವರುಂಟು. ಅದು ಮೊಟ್ಟೆ ಇಡುವುದಿಲ್ಲ. ಮರಿ ಹಾಕಿ ಹಾಲೂಡಿಸುವ ಸಸ್ತನಿ. ಅದರ ರೆಕ್ಕೆ ಎಂದರೆ ಉದ್ದ ಬೆರಳುಗಳ ನಡುವೆ ಹರಡಿದ ತೆಳು ಚರ್ಮ. ಗವಿಯಲ್ಲಿ ವಾಸಿಸುವ ಸಣ್ಣ ಬಾವಲಿಗಳು ನಮ್ಮ ಕಿವಿಗೆ ಕೇಳದಷ್ಟು ಏರುಸ್ಥಾಯಿಯ ದನಿ ಹೊರಡಿಸಿ, ಅದರ ಮಾರ್ದನಿಯಿಂದಲೇ ಕತ್ತಲಲ್ಲಿ ದಾರಿಯನ್ನೂ ಆಹಾರವನ್ನೂ ಹುಡುಕುತ್ತವೆ. ರಾತ್ರಿಯೆಲ್ಲ ಹುಳುಹುಪ್ಪಟೆ, ಪತಂಗಗಳನ್ನು ಹಿಡಿದು ತಿನ್ನುತ್ತವೆ. ಮಾವು, ಟೊಮೆಟೊ ಬೆಳೆಯುವ ಕೋಲಾರದ ರೈತನಿಗೆ ಇದು ಕೂಲಿ ಕೇಳದ ಆಳು. ಇನ್ನು ಹಣ್ಣು ತಿನ್ನುವ ಬಾವಲಿಗಳು ಆಲ, ಅತ್ತಿಯ ಬೀಜಗಳನ್ನು ದೂರ ದೂರಕ್ಕೆ ಬಿತ್ತುತ್ತವೆ. ಬಾವಲಿ ಮನೆಗೆ ಬಂದರೆ ಅಪಶಕುನ ಅನ್ನುವ ಮಾತಿಗೆ ಆಧಾರವಿಲ್ಲ.

ಕೋಲಾರದ ಹೆಸರಿನ ಬಾವಲಿ

ಈ ಜಿಲ್ಲೆಯ ಹೆಸರನ್ನೇ ಹೊತ್ತ ಬಾವಲಿಯೊಂದಿದೆ. ಅದು ಕೋಲಾರದ ಎಲೆಮೂಗಿನ ಬಾವಲಿ. ಮೂಗಿನ ಮೇಲೆ ಎಲೆಯಂಥ ಚರ್ಮದ ಮಡಿಕೆ ಇರುವುದರಿಂದ ಆ ಹೆಸರು. ಮೂಗಿನಿಂದ ಹೊರಡುವ ದನಿಯನ್ನು ಗುರಿಯತ್ತ ಕಳಿಸಲು ಆ ಮಡಿಕೆ ನೆರವಾಗುತ್ತದೆ. 1994ರಲ್ಲಿ ಕಾಕ್ ಮತ್ತು ಭಟ್ ಎಂಬ ಇಬ್ಬರು ವಿಜ್ಞಾನಿಗಳು ಇದು ಬೇರೆಯೇ ಜಾತಿ ಎಂದು ತಿಳಿಸಿದರು. ಆಗ ಜಿಲ್ಲೆಯ ಎರಡು ಕಡೆ ಇದು ಸಿಕ್ಕಿತ್ತು. ಒಂದು ಹನುಮನಹಳ್ಳಿ, ಇನ್ನೊಂದು ಇದೇ ಬೆಟ್ಟಸಾಲಿನ ಮೇಲಿರುವ ತೇರಹಳ್ಳಿ.

ಮುಂದೆ ಹುಡುಕಿದವರಿಗೆ ತೇರಹಳ್ಳಿಯಲ್ಲಿ ಈ ಬಾವಲಿ ಕಾಣಸಿಗಲಿಲ್ಲ. ಹನುಮನಹಳ್ಳಿಯ ಒಂದೇ ಗವಿಯಲ್ಲಿ ಉಳಿದಿತ್ತು. ಅಲ್ಲಿಯೂ ಇನ್ನೂರಕ್ಕಿಂತ ಕಡಿಮೆ ಎಂಬುದು ತಜ್ಞರ ಅಂದಾಜು. ಲೋಕದಲ್ಲಿ ಈ ಜಾತಿಗೆ ಗೊತ್ತಿರುವ ಮನೆ ಅದೊಂದೇ. ಗವಿಯ ಆಸುಪಾಸಿನಲ್ಲಿ ಕಲ್ಲು ಒಡೆದದ್ದು, ಬಾವಲಿ ಹಿಡಿಯಲು ಗವಿಯೊಳಗೆ ಬೆಂಕಿ ಹಾಕಿದ್ದು ಈ ಸ್ಥಿತಿಗೆ ಕಾರಣವೆಂದು ಹೇಳಲಾಗಿದೆ. ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಇದಕ್ಕೆ ಅತ್ಯಂತ ಅಪಾಯದ ಸ್ಥಾನ ಕೊಡಲಾಗಿದೆ. ಹನುಮನಹಳ್ಳಿಯ ಗವಿಗಳ ಸುತ್ತಲಿನ ಸುಮಾರು 30 ಎಕರೆ ಜಾಗವನ್ನು ರಾಜ್ಯ ಸರ್ಕಾರ ಸಂರಕ್ಷಿತವೆಂದು ಘೋಷಿಸಿದೆ. ಅದು ನೋಡಲು ಹೋಗುವ ಸ್ಥಳವಲ್ಲ. ಹೋಗದೆ ಇರುವುದೇ ಅದಕ್ಕೆ ಮಾಡುವ ಉಪಕಾರ.

ಬೆಂಕಿ, ಗದ್ದಲದಿಂದ ಏನಾಗುತ್ತದೆ?

ಅಂತರಗಂಗೆಗೆ ಭಕ್ತರಲ್ಲದೆ ಬೆಂಗಳೂರು ಮುಂತಾದ ಕಡೆಗಳಿಂದ ರಾತ್ರಿ ಬೆಟ್ಟ ಹತ್ತುವ ತಂಡಗಳೂ ಬಂದುಹೋಗಿವೆ. "ಒಂದು ಸ್ವಲ್ಪ ಬೆಂಕಿ ಹಾಕ್ಕೊಂಡ್ರೆ ಏನಾಗುತ್ತೆ, ಚಳಿ ಕಾಯಿಸ್ಕೊಂಡು ಹೋಗೋಣ" ಅನ್ನುವುದು ಸಹಜ. ಆದರೆ ಗವಿ ಇಕ್ಕಟ್ಟು. ಹೊಗೆಗೆ ಬೇರೆ ದಾರಿ ಇರುವುದಿಲ್ಲ. ಬೆದರಿದ ತಾಯಿ ಬಾವಲಿ ಒಮ್ಮೆಲೇ ಹಾರಿದರೆ ಎಳೆಮರಿ ಕೆಳಗೆ ಬಿದ್ದು ಸಾಯಬಹುದು. ಬಾವಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಹೋದ ಮರಿಯ ಜಾಗ ಬೇಗ ತುಂಬುವುದಿಲ್ಲ. ಮತ್ತೆ ಮತ್ತೆ ತೊಂದರೆಯಾದರೆ ಗುಂಪೇ ಗವಿ ಬಿಟ್ಟು ಹೋಗುತ್ತದೆ.

ಭಕ್ತಾದಿಗಳ ಗಮನಕ್ಕೆ

1. ಬೆಟ್ಟ ಹತ್ತುವವರು ಬೆಳಗಿನ ಹೊತ್ತು ಹತ್ತಿ, ಬಿಸಿಲೇರುವ ಮುಂಚೆ ಇಳಿಯುವುದು ಒಳ್ಳೆಯದು. ದಾರಿ ಬಲ್ಲವರು ಜೊತೆಯಲ್ಲಿರಲಿ. ವಯಸ್ಸಾದವರು, ಮಕ್ಕಳು ದೇವಸ್ಥಾನದಲ್ಲೇ ಉಳಿಯುವುದು ಕ್ಷೇಮ.

2. ಬಾವಲಿ ಇರುವ ಗವಿಯೊಳಗೆ ಹೋಗಬಾರದು. ಬಾಯಲ್ಲಿ ಹಿಕ್ಕೆಯ ಗಾಟು ವಾಸನೆ ಬಂದರೆ ಅಲ್ಲಿಂದಲೇ ಹಿಂತಿರುಗಬೇಕು. ಒಣಗಿದ ಹಿಕ್ಕೆಯ ಧೂಳು ಉಸಿರಿಗೂ ಒಳ್ಳೆಯದಲ್ಲ.

3. ಬೆಂಕಿ, ಪಟಾಕಿ, ಕೂಗಾಟ ಬೇಡ. ಬಾವಲಿಯ ಮೇಲೆ ಟಾರ್ಚ್ ಬಿಡುವುದು, ಕಲ್ಲೆಸೆಯುವುದು ಬೇಡವೇ ಬೇಡ.

4. ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಕಚ್ಚಿದರೆ ಅಥವಾ ಪರಚಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

5. ಪ್ಲಾಸ್ಟಿಕ್ ಕವರು, ಬಾಟಲಿಗಳನ್ನು ಬಂಡೆ ಸಂದಿಗೆ ತುರುಕದೆ ಕೆಳಗೆ ಒಯ್ಯಬೇಕು.

ದೇವಸ್ಥಾನಕ್ಕೆ ಬಂದವರು ಗರ್ಭಗುಡಿಯ ಹೊಸ್ತಿಲಾಚೆ ನಿಂತು ಕೈಮುಗಿಯುತ್ತಾರೆ. ಒಳಗೆ ನುಗ್ಗಲಿಲ್ಲವೆಂದು ದರ್ಶನ ಕಡಿಮೆಯಾಗುವುದಿಲ್ಲ. ಬಾವಲಿಯ ಗವಿಯ ಮುಂದೆಯೂ ಅಷ್ಟೇ ದೂರ ನಿಂತರೆ ಸಾಕು. ತೇರಹಳ್ಳಿಯಲ್ಲಿ ಕಾಣದಂತಾದ ಜೀವ ಹನುಮನಹಳ್ಳಿಯಲ್ಲಾದರೂ ಉಳಿಯಲಿ. ಶ್ರೀ ಕಾಶಿ ವಿಶ್ವೇಶ್ವರನು ಬೆಟ್ಟ ಹತ್ತಿ ಬಂದ ಭಕ್ತರನ್ನೂ ಬೆಟ್ಟದೊಳಗಿನ ಜೀವಗಳನ್ನೂ ಕಾಪಾಡಲಿ.